ತುದಿಗೆ ಬೇರೆ ಹದ

ಮಳೆಗೆ ಮುಂಚಿನ ಗಾಳಿಗೆ ಉರುಳಿದ ತೆಂಗಿನ ಮರವನ್ನು ತುಂಡು ಹಾಕೋಣವೆಂದು ಮರ ಕುಯ್ಯುವ ಮಿಷನ್ನಿನ ಹಗ್ಗ ಎಳೆದೆ. ಒಳಗೆ ಟಣ್ ಅಂತು. ಎಳೆದ ಹಗ್ಗ ವಾಪಸು ಹೋಗಲಿಲ್ಲ. ಸತ್ತ ಕೇರೆಹಾವಿನ ಹಾಗೆ ಕೈಯಲ್ಲಿ ಜೋತುಬಿತ್ತು. ಅಜ್ಜಂಪುರದಲ್ಲಿ ಆ ಸಾಮಾನು ಸಿಗಲಿಲ್ಲ. ಕಡೂರಿನಲ್ಲಿ ಕೇಳಿದರೆ, ತರಿಸಿಕೊಡ್ತೀವಿ, ಒಂದು ವಾರ ಬಿಟ್ಟು ಬನ್ನಿ ಅಂದರು. ಮರ ದಾರಿಗೆ ಅಡ್ಡ ಬಿದ್ದಿತ್ತು.

ಜಗಲಿ ಮೇಲೆ ಕೂತು ಪಕ್ಕದ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದೆ. ಹೊಟ್ಟು, ಎಣ್ಣೆ ಸೇರಿ ಗಟ್ಟಿಯಾದ ಜಿಡ್ಡು. ಅದರೊಳಗೆ ಹಗ್ಗ ಸುತ್ತುವ ರಾಟೆ, ರಾಟೆಯ ಕೆಳಗೆ ಅಳತೆ ಟೇಪಿನಂಥ ಪಟ್ಟಿ ಸ್ಪ್ರಿಂಗು. ಅದರ ಹೊರತುದಿಯ ಕೊಕ್ಕೆ ಮುಚ್ಚಳಕ್ಕೆ, ಒಳತುದಿಯ ಕೊಕ್ಕೆ ರಾಟೆಗೆ. ನಾವು ಹಗ್ಗ ಎಳೆದಾಗ ಸ್ಪ್ರಿಂಗು ಬಿಗಿದುಕೊಳ್ಳುತ್ತದೆ. ಬಿಟ್ಟಾಗ ಅದೇ ಬಿಗಿತ ಹಗ್ಗವನ್ನು ಒಳಕ್ಕೆ ಸುತ್ತಿಕೊಳ್ಳುತ್ತದೆ. ನನ್ನದರಲ್ಲಿ ಒಳಗಿನ ಕೊಕ್ಕೆ ಉಗುರು ಕತ್ತರಿಸಿದ ಚೂರಿನಷ್ಟು ಮುರಿದು ಬಿದ್ದಿತ್ತು. ಅಷ್ಟೇ ತಾನೆ ಅಂದುಕೊಂಡು ಇಕ್ಕಳದಲ್ಲಿ ಹಿಡಿದು ಹೊಸ ಕೊಕ್ಕೆ ಬಗ್ಗಿಸಿದೆ. ಕಡ್ಡಿ ಮುರಿದ ಹಾಗೆ ಮುರಿಯಿತು. ಸುರುಳಿ ಸಿಡಿದು ಹಂಚಿಗೆ ತಗುಲಿತು. ಕಣ್ಣಿಗೆ ತಗುಲಲಿಲ್ಲ, ಪುಣ್ಯ.

ಮಾರನೇ ದಿನ ತರೀಕೆರೆ ಕಡೆಯ ಒಂದು ಕುಲುಮೆಗೆ ಹೋದೆ. ಮಚ್ಚು, ಕುಡುಗೋಲು ತಟ್ಟುವ ಆಚಾರ್ರು ಪಟ್ಟಿಯನ್ನು ಬೆರಳಲ್ಲಿ ಮೀಟಿ ನಕ್ಕರು. "ಹದ ಏರಿದ್ದನ್ನ ತಣ್ಣಗೆ ಬಗ್ಗಿಸಿದ್ರೆ ಮುರೀದೆ ಇನ್ನೇನ್ ಗೌಡ್ರೆ? ಮೈಗೆ ಒಂದು ಹದ, ತುದಿಗೇ ಒಂದು ಹದ." ಸುರುಳಿಯ ಒಳತುದಿಯನ್ನು ಸ್ವಲ್ಪ ಹೊರಗೆಳೆದು, ಉಳಿದದ್ದಕ್ಕೆ ಒದ್ದೆ ಬಟ್ಟೆ ಸುತ್ತಿ, ಒಂದಂಗುಲ ಮಾತ್ರ ಕೆಂಡಕ್ಕೆ ಕೊಟ್ಟರು. ದಾಸವಾಳದ ಬಣ್ಣಕ್ಕೆ ಬಂದದ್ದೇ ತೆಗೆದು ಬೂದಿಯಲ್ಲಿ ಹೂತರು. ನಾನು ನೀರಿನ ತೊಟ್ಟಿ ಕಡೆ ನೋಡಿದೆ. "ನೀರಿಗೆ ಹಾಕಿದ್ರೆ ಮತ್ತೆ ಗಟ್ಟಿ. ಬೂದೀಲಿ ಮಲಗ್ಲಿ." ಟೀ ಕುಡಿದು ಬರುವಷ್ಟರಲ್ಲಿ ತುದಿ ಮೆತ್ತಗಾಗಿತ್ತು, ಅಂದುಕೊಂಡಷ್ಟು ಬಗ್ಗಿತು.

ಸ್ಪ್ರಿಂಗಿಗಾಗಿ ತಲೆ ಕೆಡಿಸಿಕೊಂಡವನು ನಾನೊಬ್ಬನೇ ಅಲ್ಲ. ಇಂಗ್ಲೆಂಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಅಂತ ಒಬ್ಬ ಗಡಿಯಾರದವನಿದ್ದ. ಅವನ ಕಾಲದ ಉಕ್ಕು ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ. ಗಡಿಯಾರದ ಸ್ಪ್ರಿಂಗಿಗೆ ಒದಗುತ್ತಿರಲಿಲ್ಲ. 1740ರ ದಶಕದಲ್ಲಿ ಶೆಫೀಲ್ಡಿನ ಹತ್ತಿರ ಅವನು ಉಕ್ಕನ್ನು ಮಣ್ಣಿನ ಮೂಸೆಯಲ್ಲಿಟ್ಟು ಪೂರ್ತಿ ಕರಗಿಸಿ, ಎಲ್ಲ ಕಡೆ ಒಂದೇ ಸಮ ಮಾಡುವುದನ್ನು ಕಂಡುಹಿಡಿದ. ಊರಿನ ಚಾಕು ಮಾಡುವವರು, ಇದು ಬಲು ಗಡಸು, ನಮಗೆ ಬೇಡ ಅಂದರು. ಫ್ರಾನ್ಸಿನವರು ಕೊಂಡ ಮೇಲೆ ಇವರಿಗೂ ಬೇಕಾಯಿತು.

ಕಂಡುಹಿಡಿದ ಅಂದೆನೇ? ಮೂಸೆಯಲ್ಲಿ ಉಕ್ಕು ಮಾಡುವುದು ನಮ್ಮ ಕಡೆ ಅವನಿಗಿಂತ ನೂರಾರು ವರ್ಷ ಹಳೆಯದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಅದನ್ನು ನೋಡಿ ಬರೆದಿಟ್ಟಿದ್ದಾನೆ: ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ. ಕಡೂರಿನ ಬಯಲಲ್ಲಿ ದನ ಬಾಯಿ ಹಾಕದೆ ಬಿಡುವ, ಹಳದಿ ಹೂವಿನ ಅದೇ ತಂಗಡಿ! ಕಡ್ಡಿ ಸುಟ್ಟು ಇದ್ದಿಲಾಗಿ ಕಬ್ಬಿಣದೊಳಗೆ ಸೇರಿದರೆ ಉಕ್ಕು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇಂಥ ಉಕ್ಕಿನ ಬಗ್ಗೆ ಪ್ರಬಂಧ ಓದಿದಾಗ ಅದನ್ನು ಕರೆದ ಹೆಸರು 'ವೂಟ್ಜ್'. ನಮ್ಮ 'ಉಕ್ಕು' ಅನ್ನುವ ಮಾತೇ ಅವರ ಬಾಯಲ್ಲಿ ಹಾಗಾಯಿತು ಅನ್ನುವುದು ಬಹುಮಂದಿಯ ಅಭಿಪ್ರಾಯ. ಆಚಾರ್ರಿಗೆ ಇದನ್ನೆಲ್ಲ ಹೇಳಿದೆ. "ಹೌದಾ" ಅಂದರು, ತಿದಿ ಒತ್ತುತ್ತಾ.

ಹದಿನೈದು ದಿನಕ್ಕೆ ಕೊಕ್ಕೆ ಮತ್ತೆ ಮುರಿಯಿತು.

ಈ ಸಲ ಸುಮ್ಮನೆ ಕೂತು ನೋಡಿದೆ. ಹಗ್ಗ ಪೂರ್ತಿ ಎಳೆದು ಹಿಡಿದಾಗ ರಾಟೆ ಕೈಯಿಂದ ಇನ್ನೂ ಅರ್ಧ ಸುತ್ತಾದರೂ ತಿರುಗಬೇಕು. ಒಳತುದಿಗೆ ಮತ್ತೆ ಕೊಕ್ಕೆ ಮಾಡಿಸಿ, ಕೂರಿಸಿ, ಹಗ್ಗ ಎಳೆದು ತಿರುಗಿಸಿದರೆ ನನ್ನದು ಕೂದಲೆಳೆಯಷ್ಟೂ ಅಲುಗಲಿಲ್ಲ. ಆಗ ಹೊಳೆಯಿತು. ಹಿಂದಿನ ವರ್ಷ ಹಗ್ಗ ಸವೆದಾಗ, ಎಳೆಯಲು ಅನುಕೂಲವಾಗಲಿ ಅಂತ ನಾನೇ ಮೊದಲಿನದಕ್ಕಿಂತ ಒಂದು ಗೇಣು ಹೆಚ್ಚು ಉದ್ದದ ಹಗ್ಗ ಹಾಕಿದ್ದೆ. ಎಳೆದಾಗಲೆಲ್ಲ ಸ್ಪ್ರಿಂಗು ಕೊನೆ ಮುಟ್ಟುತ್ತಿತ್ತು, ಆಮೇಲಿನ ಜಗ್ಗೆಲ್ಲ ಆ ಉಗುರಿನಷ್ಟು ಕೊಕ್ಕೆಯ ಮೇಲೆ.

ಒಂದು ಗೇಣು ಕತ್ತರಿಸಿ, ತುದಿಯನ್ನು ಬೆಂಕಿಕಡ್ಡಿಯಲ್ಲಿ ಸುಟ್ಟು ಗಂಟು ಹಾಕಿದೆ. ರಾಟೆಗೆ ಎರಡು ಸುತ್ತು ಬಿಗಿ ಕೊಟ್ಟು ಮುಚ್ಚಿದೆ. ಹಿಡಿ ಹೋಗಿ ತನ್ನ ಜಾಗದಲ್ಲಿ ಟಕ್ಕನೆ ಕೂತಿತು. ಮೂರನೇ ಎಳೆತಕ್ಕೆ ಮಿಷನ್ನು ಹತ್ತಿಕೊಂಡಿತು. ಕತ್ತರಿಸಿದ ಗೇಣು ಹಗ್ಗ ಈಗ ಪಂಪುಮನೆ ಬೀಗದಕೈಗೆ ಕಟ್ಟಿದೆ.