ಮೊದಲು ಪಾದ, ಆಮೇಲೆ ಮಾತ್ರೆ

ಹಾರ್ವರ್ಡಿನಲ್ಲಿ ಓದಿ ಕ್ಯಾನ್ಸರ್ ತಜ್ಞರಾಗಲು ಹೊರಟಿದ್ದ ಡಾ. ಜಿಮ್ ಓಕಾನೆಲ್, ಹಿರಿಯ ವೈದ್ಯರೊಬ್ಬರ ಮಾತಿಗೆ ಕಟ್ಟುಬಿದ್ದು ಒಂದೇ ವರ್ಷದ ಮಟ್ಟಿಗೆಂದು 1985ರಲ್ಲಿ ಬಾಸ್ಟನ್ ನಗರದ ಸೂರಿಲ್ಲದವರ ನಡುವೆ ಬಂದರು. ಪೈನ್ ಸ್ಟ್ರೀಟ್ ಇನ್ ಎಂಬ ತಂಗುದಾಣದ ನರ್ಸುಗಳು ಅವರ ಸ್ಟೆತಾಸ್ಕೋಪನ್ನು ಮೊದಲು ಬದಿಗಿಡಿಸಿದರು. ಬಾರ್ಬರಾ ಮೆಕಿನ್ನಿಸ್ ಎಂಬ ನರ್ಸು ಅವರಿಗೆ ವಹಿಸಿದ ಕೆಲಸ ಒಂದೇ: ಬಂದವರ ಕಾಲು ತೊಳೆಯುವುದು.

ದಿನವಿಡೀ ನಡೆದು, ಒದ್ದೆ ಬೂಟಿನಲ್ಲೇ ಮಲಗುವವರ ಪಾದಗಳವು. ಬಿರುಕು, ಕೀವು, ಹಿಮ ಕಚ್ಚಿದ ಬೆರಳು. ಔಷಧ ಬೆರೆಸಿದ ನೀರಿನ ತೊಟ್ಟಿಯಲ್ಲಿ ಪಾದಗಳು ನೆನೆಯುವಷ್ಟು ಹೊತ್ತೂ ವೈದ್ಯ ನೆಲದ ಮಟ್ಟದಲ್ಲಿ, ರೋಗಿ ಕುರ್ಚಿಯ ಮೇಲೆ. ಪ್ರಶ್ನೆ ಕೇಳುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ದಣಿದು ಬಂದವರಿಗೆ ನಮ್ಮ ಹಳ್ಳಿಮನೆಗಳಲ್ಲಿ ಮೊದಲು ಕಾಲಿಗೆ ನೀರು ಕೊಟ್ಟು, ಆಮೇಲೆ ಸಮಾಚಾರ ವಿಚಾರಿಸುತ್ತಿದ್ದ ಹಾಗೆ. ವರ್ಷಗಳಿಂದ ಚಿಕಿತ್ಸೆಯನ್ನೇ ಒಲ್ಲೆನೆನ್ನುತ್ತಿದ್ದ ಒಬ್ಬಾತ, ವಾರಗಟ್ಟಲೆ ಕಾಲು ತೊಳೆಸಿಕೊಂಡ ಮೇಲೆ ಒಂದು ದಿನ ತಾನಾಗಿಯೇ ಬಾಯಿಬಿಟ್ಟ. ಡಾಕ್ಟರಾದವನು ಕಾಲೇಕೆ ತೊಳೆಯುತ್ತಿದ್ದೀಯ ಎಂದು ಕೇಳಿದ. ಮುಂದೆ ಔಷಧಕ್ಕೂ ಒಪ್ಪಿದ. ಓಕಾನೆಲ್ ಒಂದು ವರ್ಷಕ್ಕೆ ಹಿಂದಿರುಗಲೇ ಇಲ್ಲ. ಟ್ರೇಸಿ ಕಿಡ್ಡರ್ 2023ರಲ್ಲಿ ಪ್ರಕಟಿಸಿದ ‘ರಫ್ ಸ್ಲೀಪರ್ಸ್’ ಪುಸ್ತಕದಲ್ಲಿ ಇದೆಲ್ಲ ವಿವರವಾಗಿದೆ.

ಹೀಗೆ ಶುರುವಾದ ಬಾಸ್ಟನ್ ಹೆಲ್ತ್ ಕೇರ್ ಫಾರ್ ದಿ ಹೋಮ್‌ಲೆಸ್ ಸಂಸ್ಥೆಗೆ ಬೇಗನೆ ಏಡ್ಸ್ ಎದುರಾಯಿತು. 1988ರಿಂದ 1993ರ ನಡುವೆ ಆ ಊರಿನ ಸೂರಿಲ್ಲದವರಲ್ಲಿ 25ರಿಂದ 44ರ ವಯಸ್ಸಿನವರ ಸಾವಿಗೆ ಏಡ್ಸೇ ಮೊದಲ ಕಾರಣ. 2003–08ರ ಹೊತ್ತಿಗೆ ಆ ಜಾಗಕ್ಕೆ ಮಾದಕವಸ್ತುವಿನ ಮಿತಿಮೀರಿದ ಸೇವನೆ ಬಂದಿತ್ತು. ಆದರೆ ಎಚ್‌ಐವಿ ಊರು ಬಿಟ್ಟಿರಲಿಲ್ಲ. ಫೆಂಟನಿಲ್ ಎಂಬ ಮಾದಕದ ಅಮಲು ಬೇಗ ಇಳಿಯುತ್ತದೆ. ದಿನಕ್ಕೆ ಹಲವು ಬಾರಿ ಚುಚ್ಚಿಕೊಳ್ಳಬೇಕು, ಅದಕ್ಕೆ ತಕ್ಕಂತೆ ಸೂಜಿಯೂ ಕೈಯಿಂದ ಕೈಗೆ. 2018ರ ಕೊನೆಯಿಂದ ಬೀದಿಯವರಲ್ಲಿ ಹೊಸ ಸೋಂಕುಗಳು ಗುಂಪುಗುಂಪಾಗಿ ಕಾಣಿಸಿಕೊಂಡವು.

ಸೋಂಕನ್ನು ಮೊದಲೇ ತಡೆಯುವ ಮಾತ್ರೆಗೆ, ಅಂದರೆ ಪ್ರೆಪ್‌ಗೆ, ಅಮೆರಿಕ 2012ರಲ್ಲೇ ಒಪ್ಪಿಗೆ ಕೊಟ್ಟಿತ್ತು. ದಿನಕ್ಕೊಂದು ನುಂಗಿದರಾಯಿತು ಎನ್ನುವುದು ಮನೆಯಿದ್ದವರ ಲೆಕ್ಕ. ಬೀದಿಯಲ್ಲಿ ಮಲಗುವವರ ಚೀಲ ರಾತ್ರಿ ಕಳುವಾಗುತ್ತದೆ, ಇಲ್ಲವೇ ಬೆಳಿಗ್ಗೆ ಕಸದ ಜೊತೆ ಗುಡಿಸಿಹೋಗುತ್ತದೆ. ಹಾಗಾಗಿ ಈ ಸಂಸ್ಥೆಯಲ್ಲಿ ಮಾತ್ರೆಯನ್ನು ಕ್ಲಿನಿಕ್ಕಿನಲ್ಲೇ ಇಟ್ಟುಕೊಳ್ಳಬಹುದು. ತಿಂಗಳಿನದನ್ನು ಒಟ್ಟಿಗೆ ಹೊರಿಸದೆ ಕೆಲವೇ ದಿನದ್ದನ್ನು ಕೊಡುತ್ತಾರೆ, ಬೇಕೆಂದ ದಿನವೇ ಬರೆದುಕೊಡುತ್ತಾರೆ. ಬಾರದವರನ್ನು ಅವರು ಸೇರುವ ಜಾಗಕ್ಕೇ ಹುಡುಕಿಕೊಂಡು ಹೋಗುತ್ತಾರೆ. ಚಟ ಬಿಟ್ಟು ಬಾ, ಆಮೇಲೆ ನೋಡೋಣ ಎನ್ನುವ ಷರತ್ತಿಲ್ಲ. ನನಗೆ ಬಹಳ ಮುಖ್ಯವೆನಿಸುವುದು ಇದೇ.

ಮೆಕಿನ್ನಿಸ್ 2003ರಲ್ಲಿ ತೀರಿಕೊಂಡರು. ಆಸ್ಪತ್ರೆಯಿಂದ ಹೊರಬಂದು ಚೇತರಿಸಿಕೊಳ್ಳಲು ಮನೆಯಿಲ್ಲದವರಿಗಾಗಿ ಸಂಸ್ಥೆ ನಡೆಸುವ ಆರೈಕೆಮನೆಗೆ ಅವರದೇ ಹೆಸರಿದೆ. ಬೀದಿಯವರನ್ನು ಹುಡುಕಿಕೊಂಡು ಹೋಗುವ ಕೆಲಸಕ್ಕೆ ಅಡ್ಡಿಗಳೂ ಉಂಟು. 2023ರ ನವೆಂಬರಿನಲ್ಲಿ ಬಾಸ್ಟನ್ ನಗರಾಡಳಿತ ಮ್ಯಾಸ್ ಆ್ಯಂಡ್ ಕ್ಯಾಸ್ ಎಂಬ ಕೂಡುರಸ್ತೆಯ ಸುತ್ತ ಸೂರಿಲ್ಲದವರು ಹಾಕಿಕೊಂಡಿದ್ದ ಡೇರೆಗಳನ್ನು ತೆರವು ಮಾಡಿತು. ಸುತ್ತಲಿನ ನಿವಾಸಿಗಳ ಗೋಳೂ ಸುಳ್ಳಲ್ಲ. ಆದರೆ ಡೇರೆ ಎತ್ತಿಸಿದಾಗ ಜನ ಚದುರುತ್ತಾರೆ, ಹೆಸರು ಹಿಡಿದು ಕರೆಯುವಷ್ಟು ಬೆಳೆದಿದ್ದ ಪರಿಚಯವನ್ನು ಇನ್ನೊಂದು ಮೂಲೆಯಲ್ಲಿ ಮೊದಲಿನಿಂದ ಕಟ್ಟಬೇಕಾಗುತ್ತದೆ.

ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಸೋಂಕನ್ನು ಹತೋಟಿಯಲ್ಲಿಡುವ ಎಆರ್‌ಟಿ ಚಿಕಿತ್ಸೆಯೂ ಉಚಿತ. ಮಾಹಿತಿಗೆ 1097 ಎಂಬ ಶುಲ್ಕವಿಲ್ಲದ ಸಹಾಯವಾಣಿಯಿದೆ. ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಬಳಿ ಮಲಗುವವರಿಗೆ ರಾತ್ರಿ ಊಟ, ಹೊದಿಕೆ ಹಂಚುವ ಗೆಳೆಯರೇ, ಈ ಸಂಖ್ಯೆಯನ್ನೂ ಅವರಿಗೆ ತಿಳಿಸಿ. ಬರುತ್ತೇನೆಂದವರ ಜೊತೆ ಆಸ್ಪತ್ರೆಯವರೆಗೆ ನೀವೂ ಹೋಗಿ.