ಮನೆ ಕಂದಾಯ: ರಸೀದಿಯಲ್ಲಿ ಏನಿದೆ, ಏನಿಲ್ಲ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 199ನೇ ಪ್ರಕರಣದ ಮೇರೆಗೆ, ಕೃಷಿ ಕಂದಾಯಕ್ಕೆ ಒಳಪಡದ ಜಮೀನು ಮತ್ತು ಕಟ್ಟಡಗಳ ಮೇಲಿನ ತೆರಿಗೆಯನ್ನು ಗ್ರಾಮ ಪಂಚಾಯತಿಯು ವಿಧಿಸುತ್ತದೆ. ಇದನ್ನೇ ಜನರು ರೂಢಿಯಲ್ಲಿ ಮನೆ ಕಂದಾಯ ಎನ್ನುತ್ತಾರೆ. ಹೆಸರಿನ ಸಾಮ್ಯದಿಂದ ಕೆಲವೊಮ್ಮೆ ಗೊಂದಲವಾಗುವುದುಂಟು. ಹೊಲದ ಕಂದಾಯವು ಕಂದಾಯ ಇಲಾಖೆಗೆ ಸೇರಿದ್ದು. ಅದನ್ನು ಪಾವತಿಸಿದವರ ಮನೆಯ ತೆರಿಗೆ ತೀರಿದಂತಾಗುವುದಿಲ್ಲ.

ಬೇಡಿಕೆ ಪತ್ರದಲ್ಲಿ ಕಾಣುವ ಮೊತ್ತವೆಲ್ಲವೂ ಪಂಚಾಯತಿಯ ತೆರಿಗೆಯಲ್ಲ. ತೆರಿಗೆಯ ಪ್ರತಿ ನೂರು ರೂಪಾಯಿಗೆ ಆರೋಗ್ಯ ಕರ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6 ಹಾಗೂ ಭಿಕ್ಷುಕರ ಕರ 3 ರೂಪಾಯಿ ಸೇರುತ್ತವೆ. ಒಂದು ಮನೆಗೆ 1,000 ರೂ. ತೆರಿಗೆ ನಿಗದಿಯಾಗಿದ್ದರೆ, ಮಾಲೀಕರು ಪಾವತಿಸಬೇಕಾದುದು 1,340 ರೂ. ನೀರಿನ ಶುಲ್ಕವು ಇದರಿಂದ ಪ್ರತ್ಯೇಕವಾದದ್ದು. ಆದ್ದರಿಂದ ‘ತೆರಿಗೆ ಏಕಾಏಕಿ ಏರಿತು’ ಎಂದು ಆಕ್ಷೇಪಿಸುವ ಮುನ್ನ ಯಾವ ಬಾಬಿನಲ್ಲಿ ಏರಿದೆ ಎಂಬುದನ್ನು ನೋಡುವುದು ಒಳಿತು. ಅನೇಕ ವೇಳೆ ಅದು ಹಿಂದಿನ ವರ್ಷಗಳ ಬಾಕಿಯೇ ಆಗಿರುತ್ತದೆ.

ಸರ್ಕಾರದ ಅನುದಾನವಿರುವಾಗ ಈ ಅಲ್ಪ ಮೊತ್ತವೇಕೆ ಎಂಬ ಪ್ರಶ್ನೆ ಗ್ರಾಮಸಭೆಗಳಲ್ಲಿ ಕೇಳಿಬರುತ್ತದೆ. ಪ್ರಶ್ನೆ ಸಹಜವಾದದ್ದೇ. ಆದರೆ 2021–26ರ ಅವಧಿಯ 15ನೇ ಹಣಕಾಸು ಆಯೋಗದ ಶಿಫಾರಸಿನ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಭಾಗವನ್ನೂ ವೇತನ ಮತ್ತು ಆಡಳಿತ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಕೆಟ್ಟ ಬೀದಿದೀಪವನ್ನು ಮರುದಿನವೇ ಬದಲಿಸಲು, ನೀರುಗಂಟಿಯ ವೇತನವನ್ನು ತಡೆಯಿಲ್ಲದೆ ನೀಡಲು ಪಂಚಾಯತಿಗೆ ಒದಗುವುದು ಮುಖ್ಯವಾಗಿ ಅದರ ಸ್ವಂತ ಸಂಪನ್ಮೂಲವೇ.

ಹೆಚ್ಚಿನ ಕುಟುಂಬಗಳು ತೊಡಕಿಗೆ ಸಿಲುಕುವುದು ಮಾತ್ರ ತೆರಿಗೆಯ ಮೊತ್ತದಿಂದಲ್ಲ, ಖಾತೆಯ ಹೆಸರಿನಿಂದ. ತಂದೆ ತೀರಿಕೊಂಡು ಹತ್ತು ವರ್ಷವಾಗಿರುತ್ತದೆ. ಹಿರಿಯ ಮಗ ವರ್ಷ ತಪ್ಪದೆ ಹಣ ಕಟ್ಟುತ್ತಿರುತ್ತಾನೆ. ರಸೀದಿ ಮಾತ್ರ ತಂದೆಯ ಹೆಸರಿನಲ್ಲೇ ಬರುತ್ತಿರುತ್ತದೆ. ಮಗಳ ಮದುವೆಗೋ ಚಿಕಿತ್ಸೆಗೋ ಮನೆಯ ಮೇಲೆ ಸಾಲ ಬೇಕಾದಾಗ ಬ್ಯಾಂಕು ಇ-ಸ್ವತ್ತಿನ ನಮೂನೆ ಕೇಳುತ್ತದೆ. ಮಾರಾಟಕ್ಕೆ ಹೊರಟರೆ ಉಪನೋಂದಣಾಧಿಕಾರಿಗಳ ಕಚೇರಿಯೂ ಅದನ್ನೇ ಕೇಳುತ್ತದೆ. ಹತ್ತು ರಸೀದಿಗಳಿದ್ದರೂ ಅಂದು ಅವು ಸಾಲವು. ತೆರಿಗೆ ರಸೀದಿಯು ಹಣ ಸಂದಾಯವಾಗಿದೆ ಎಂಬುದಕ್ಕೆ ಪುರಾವೆಯೇ ಹೊರತು ಒಡೆತನದ ಪತ್ರವಲ್ಲ. ಮನೆಯಲ್ಲಿ ತಂಗಿಯರೂ ಹಕ್ಕುದಾರರಾಗಿದ್ದರೆ, ಅಣ್ಣನೊಬ್ಬನೇ ತೆರಿಗೆ ಕಟ್ಟಿದನೆಂಬ ಕಾರಣಕ್ಕೆ ಅವರ ಪಾಲು ಕರಗುವುದೂ ಇಲ್ಲ.

ಇಂತಹ ಸಂದರ್ಭದಲ್ಲಿ ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಒಪ್ಪಿಗೆ ಅಥವಾ ವಿಭಾಗಪತ್ರದೊಡನೆ ಖಾತೆ ಬದಲಾವಣೆಗೆ ಗ್ರಾಮ ಪಂಚಾಯತಿಗೆ ಅರ್ಜಿ ಸಲ್ಲಿಸಬೇಕು. ಅರ್ಜಿಯ ಜೊತೆ ಬಾಕಿಯನ್ನೂ ತೀರಿಸಿರುವುದು ಸೂಕ್ತ. ಇ-ಸ್ವತ್ತಿನಲ್ಲಿ ನಮೂನೆ 9 ಆಸ್ತಿಯ ವಿವರಗಳನ್ನು ತೋರಿಸುತ್ತದೆ. ನಮೂನೆ 11 ಬೇಡಿಕೆ, ವಸೂಲಿ ಮತ್ತು ಬಾಕಿಯ ವಹಿಯ ಪ್ರತಿ. ಇವೆರಡನ್ನೂ ಪಡೆದು ಹೆಸರು, ಅಳತೆ, ಚಕ್ಕುಬಂದಿಗಳನ್ನು ಮೂಲಪತ್ರದೊಡನೆ ತಾಳೆ ನೋಡಬೇಕು. ಮೂವತ್ತು ಅಡಿ ಎಂಬುದು ಹದಿಮೂರು ಅಡಿಯೆಂದು ದಾಖಲಾಗಿದ್ದರೆ ತಿದ್ದಿಸಲು ಇದೇ ಸಮಯ. ಮಾರಾಟದ ಹಿಂದಿನ ದಿನವಲ್ಲ.

ಪಾವತಿಯ ವಿಷಯ ಸರಳ. ಹಣಕಾಸು ವರ್ಷವು ಏಪ್ರಿಲ್ 1ರಂದು ಆರಂಭವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಣವನ್ನು ಯಾರ ಕೈಗೆ ಕೊಟ್ಟರೂ, ಕರ ವಸೂಲಿಗಾರರು ಎಷ್ಟೇ ಪರಿಚಿತರಾಗಿದ್ದರೂ, ಅಲ್ಲಿಯೇ ರಸೀದಿ ಪಡೆಯಬೇಕು. ‘ನಾಳೆ ಬರೆದುಕೊಡುತ್ತೇನೆ’ ಎಂಬ ಮಾತನ್ನು ಒಪ್ಪಬೇಕಾಗಿಲ್ಲ. ರಸೀದಿಯಲ್ಲಿ ಸ್ವತ್ತಿನ ಸಂಖ್ಯೆ, ವರ್ಷ ಮತ್ತು ಬಾಬುವಾರು ಮೊತ್ತ ನಮೂದಾಗಿರಬೇಕು. ತೆರಿಗೆ ನಿರ್ಧಾರದಲ್ಲಿ ತಪ್ಪಿದೆ ಎನಿಸಿದವರು ಪಾವತಿಯನ್ನೇ ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ. ಅದರ ಬದಲು ಅಳತೆ ಮತ್ತು ಬಳಕೆಯ ವಿವರ ತೋರಿಸಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಅದಕ್ಕೆ ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು.