ಚದರ ಮೀಟರಿಗೆ 575 ಪೌಂಡ್: ಇಂಗ್ಲೆಂಡಿನ ಹೊಸ ಮನೆಗಳ ಮೇಲಿನ ಲೆವಿ ಲೆಕ್ಕ

ಲಂಡನ್ನಿನ ವಾಂಡ್ಸ್‌ವರ್ತ್ ಕೌನ್ಸಿಲ್ 2012ರ ನವೆಂಬರ್‌ನಲ್ಲಿ ಜಾರಿಗೆ ತಂದ ದರಪಟ್ಟಿಯಲ್ಲಿ ನೈನ್ ಎಲ್ಮ್ಸ್‌ನ 'ಎ' ವಲಯದ ವಸತಿ ಕಟ್ಟಡಕ್ಕೆ ಚದರ ಮೀಟರಿಗೆ 575 ಪೌಂಡ್ ಎಂದಿದೆ. 70 ಚದರ ಮೀಟರಿನ, ಅಂದರೆ ಸುಮಾರು 750 ಚದರ ಅಡಿಯ ಫ್ಲ್ಯಾಟಿಗೆ ಇದು 40,250 ಪೌಂಡ್ ಆಗುತ್ತದೆ. ಪೌಂಡಿಗೆ ನೂರೇ ರೂಪಾಯಿ ಎಂದು ಹಿಡಿದರೂ 40 ಲಕ್ಷ ದಾಟಿತು. ಲಂಡನ್ ಮೇಯರ್ ಪಾಲು ಬೇರೆ: ವಾಂಡ್ಸ್‌ವರ್ತ್‌ನಲ್ಲಿ ಆಗ ಚದರ ಮೀಟರಿಗೆ 50 ಪೌಂಡ್, 2019ರ ಏಪ್ರಿಲ್‌ನಿಂದ 80. ಹೊಸದಾಗಿ ಬಂದು ನೆಲೆಸುವವರಿಗೆ ಬೇಕಾದ ರಸ್ತೆ, ಶಾಲೆ, ಪಾರ್ಕು, ಕ್ಲಿನಿಕ್‌ಗಳಿಗೆಂದು ಕಟ್ಟಡ ಕಟ್ಟುವವರಿಂದ ವಸೂಲಾಗುವ ಈ ಹಣದ ಹೆಸರು ಕಮ್ಯುನಿಟಿ ಇನ್‌ಫ್ರಾಸ್ಟ್ರಕ್ಚರ್ ಲೆವಿ. ಅಲ್ಲಿನವರ ಬಾಯಲ್ಲಿ ಅದು 'ಸಿಲ್'.

2008ರ ಪ್ಲಾನಿಂಗ್ ಕಾಯ್ದೆ ಇದಕ್ಕೆ ಆಧಾರ, ನಿಯಮಗಳು ಬಂದದ್ದು 2010ರ ಏಪ್ರಿಲ್‌ನಲ್ಲಿ. ಮೊದಲು ವಸೂಲಿಗಿಳಿದದ್ದು ನ್ಯೂವರ್ಕ್ ಅಂಡ್ ಶೆರ್‌ವುಡ್ ಜಿಲ್ಲಾ ಕೌನ್ಸಿಲ್, 2011ರ ಡಿಸೆಂಬರ್‌ನಲ್ಲಿ. ಹೊಸ ಮನೆ ಎಷ್ಟೇ ಸಣ್ಣದಿರಲಿ ಲೆವಿ ಉಂಟು. ಉಳಿದ ಕಟ್ಟಡ, ವಿಸ್ತರಣೆಗಳಿಗೆ 100 ಚದರ ಮೀಟರ್ ಮುಟ್ಟಿದರೆ ಮಾತ್ರ. ಬಡವರಿಗಾಗಿ ಕಟ್ಟುವ ಸಾಮಾಜಿಕ ವಸತಿಗೂ ಧರ್ಮಾರ್ಥ ಸಂಸ್ಥೆಗಳು ತಮ್ಮ ಸೇವಾಕಾರ್ಯಕ್ಕೆ ಬಳಸುವ ಕಟ್ಟಡಕ್ಕೂ ವಿನಾಯಿತಿ ಇದೆ. ಸೆಕ್ಷನ್ 106 ಎಂಬ ಹಳೆಯ ಪದ್ಧತಿಯಲ್ಲಿ ಪ್ರತಿ ಯೋಜನೆಗೂ ಕೌನ್ಸಿಲ್ ಮತ್ತು ಬಿಲ್ಡರ್ ಎದುರುಬದುರು ಕೂತು ಚೌಕಾಸಿ ಮಾಡಬೇಕಿತ್ತು. ಅದು ಈಗಲೂ ಜೊತೆಯಲ್ಲೇ ಇದೆ. ಆದರೆ ಲೆವಿಯ ದರ ಮುಂಚೆಯೇ ಅಚ್ಚಾಗಿರುತ್ತದೆ. ಜಮೀನು ಕೊಳ್ಳುವ ಮೊದಲೇ ಬಿಲ್ಡರ್‌ಗೆ ಲೆಕ್ಕ ಗೊತ್ತು, ಆ ಮೊತ್ತ ಕಳೆದೇ ಅವನು ಜಮೀನಿಗೆ ಬೆಲೆ ಹೇಳಬಹುದು. ಭಾರದ ಒಂದು ಪಾಲಾದರೂ ಮನೆ ಕೊಳ್ಳುವವನಿಗಿಂತ ಮೊದಲು ಜಮೀನುದಾರನ ಲಾಭದಿಂದ ಹೋಗಬೇಕು ಎಂಬುದು ಇದರ ಹಿಂದಿನ ತರ್ಕ. ಆ ತರ್ಕ ನನಗೆ ಸರಿಯಾಗಿಯೇ ಕಾಣುತ್ತದೆ.

ದರ ಎಲ್ಲೆಡೆ ಒಂದೇ ಅಲ್ಲ. ವಾಂಡ್ಸ್‌ವರ್ತ್ ಒಂದರ ಒಳಗೇ ನೋಡಿ: ಅದೇ 70 ಚದರ ಮೀಟರಿನ ಫ್ಲ್ಯಾಟಿಗೆ ನೈನ್ ಎಲ್ಮ್ಸ್ 'ಎ' ವಲಯದಲ್ಲಿ 40,250 ಪೌಂಡ್, 'ಬಿ' ವಲಯದಲ್ಲಿ (ದರ 265) 18,550, ಉಳಿದ ಬಹುತೇಕ ಕಡೆ (ದರ 250) 17,500, ರೋಹ್ಯಾಂಪ್ಟನ್‌ನಲ್ಲಿ ಸೊನ್ನೆ. ಕೆನ್ಸಿಂಗ್ಟನ್ ಅಂಡ್ ಚೆಲ್ಸಿಯ ಅತಿ ದುಬಾರಿ ವಲಯದಲ್ಲಿ ದರ 750. ವಾಯವ್ಯ ಲಂಡನ್ನಿನ ಹ್ಯಾರೊದಲ್ಲಿ 110. ಮನೆ ಮಾರಿದರೆ ಎಷ್ಟು ಬರುತ್ತದೆ, ಲೆವಿ ಕಟ್ಟಿದ ಮೇಲೂ ಬಿಲ್ಡರ್‌ಗೆ ಗಿಟ್ಟುತ್ತದೆಯೇ ಎಂಬುದನ್ನು ಸ್ವತಂತ್ರ ಪರೀಕ್ಷಕರು ಪರಿಶೀಲಿಸಿದ ನಂತರವೇ ದರ ನಿಗದಿ. ಹೀಗಾಗಿ ಸಿರಿವಂತರ ಬೀದಿಯಲ್ಲಿ ಹಣ ಹೆಚ್ಚು ಹುಟ್ಟುತ್ತದೆ, ಸೌಕರ್ಯದ ಕೊರತೆ ಹೆಚ್ಚಿರುವ ಕಡೆ ಕಡಿಮೆ. ಈ ಪದ್ಧತಿಯ ದೊಡ್ಡ ದೌರ್ಬಲ್ಯ ಇದೇ.

ನಿರ್ಮಾಣ ವೆಚ್ಚ ಏರಿದಂತೆ ದರವೂ ಸೂಚ್ಯಂಕದ ಪ್ರಕಾರ ಏರುತ್ತದೆ. ಸೂಚ್ಯಂಕ 2020ಕ್ಕೆ 334, 2025ಕ್ಕೆ 391. ಅಂದರೆ 2020ರಲ್ಲಿ ಜಾರಿಯಾದ 100 ಪೌಂಡ್ ದರ 2025ರಲ್ಲಿ ಅನುಮತಿ ಪಡೆದ ಕಟ್ಟಡಕ್ಕೆ 117 ಪೌಂಡ್ ಆಗಿರುತ್ತದೆ. ಇಲ್ಲಿನ ಲೆಕ್ಕಗಳಲ್ಲಿ ಈ ಏರಿಕೆ ಸೇರಿಸಿಲ್ಲ.

ಹಣ ಯಾವುದಕ್ಕೆಂದು ಮೊದಲೇ ಗೊತ್ತಿದ್ದರೆ ಏನಾಗುತ್ತದೆ ಎಂಬುದಕ್ಕೂ ನೈನ್ ಎಲ್ಮ್ಸ್ ಉದಾಹರಣೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿರುವ ಬಸವೇಶ್ವರರ ಪ್ರತಿಮೆ ನೋಡಲು ಹೋದ ಕನ್ನಡಿಗರು ಥೇಮ್ಸ್ ದಂಡೆ ಹಿಡಿದು ವಾಕ್ಸ್‌ಹಾಲ್ ದಾಟಿದರೆ ಸಿಗುವ ಗೋಪುರಗಳ ಸಾಲು ಅದೇ. ಅಲ್ಲಿಗೆ ನಾರ್ದರ್ನ್ ಲೈನ್ ಸುರಂಗ ರೈಲು ಬೇಕಿತ್ತು. ವೆಚ್ಚ ಸುಮಾರು 110 ಕೋಟಿ ಪೌಂಡ್. ಮುಖ್ಯವಾಗಿ ಸಾಲ ಎತ್ತಿ ಕಟ್ಟಿದರು. ಆ ಪ್ರದೇಶದ ಬಿಲ್ಡರ್‌ಗಳ ಲೆವಿ, ಸೆಕ್ಷನ್ 106 ಹಣ ಮತ್ತು ಅಲ್ಲಿ ಹೆಚ್ಚುವ ವ್ಯಾಪಾರ ತೆರಿಗೆಯಿಂದ ಸಾಲ ತೀರಿಸುವ ಏರ್ಪಾಡು. 2021ರ ಸೆಪ್ಟೆಂಬರ್ 20ರಂದು ಎರಡು ಹೊಸ ನಿಲ್ದಾಣಗಳು ತೆರೆದವು. ಸಾಲ, ಲೆವಿ, ನಿಲ್ದಾಣ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ್ದರಿಂದ ಇದು ಸಾಧ್ಯವಾಯಿತು. ಮೇಯರ್ ಲೆವಿಯ ಗುರಿಯೂ ಹೀಗೆಯೇ ಸ್ಪಷ್ಟವಿತ್ತು: ಕ್ರಾಸ್‌ರೇಲ್ ರೈಲು ಮಾರ್ಗಕ್ಕೆ 30 ಕೋಟಿ ಪೌಂಡ್. ಆಗಿನ 1,480 ಕೋಟಿ ಪೌಂಡ್ ಅಂದಾಜಿನಲ್ಲಿ ಇದು ಶೇ 2 ಮಾತ್ರ. ಲೆವಿಯೊಂದರಿಂದಲೇ ದೊಡ್ಡ ಕಾಮಗಾರಿ ಎದ್ದು ನಿಲ್ಲುವುದಿಲ್ಲ ಎಂಬುದನ್ನೂ ಇದೇ ಅಂಕಿ ಹೇಳುತ್ತದೆ.

ಲಂಡನ್ ಬಿಟ್ಟು ಹಳ್ಳಿಗೆ ಬರೋಣ. 400 ಮನೆಗಳ ಒಂದು ಊರು ಎಂದುಕೊಳ್ಳಿ. ಅಂಚಿನಲ್ಲಿ 50 ಹೊಸ ಮನೆ ಏಳುತ್ತವೆ, ಸರಾಸರಿ 90 ಚದರ ಮೀಟರ್, ದರ 100 ಪೌಂಡ್. 15 ಮನೆ ಸಾಮಾಜಿಕ ವಸತಿ, ಅವಕ್ಕೆ ಲೆವಿ ಇಲ್ಲ. ಉಳಿದ 35 ಮನೆಗಳಿಂದ ಬರುವುದು 3,15,000 ಪೌಂಡ್. ಇದರಲ್ಲಿ ಶೇ 15 ಊರಿನ ಪ್ಯಾರಿಷ್ ಕೌನ್ಸಿಲ್‌ಗೆ ಸೇರಬೇಕು, ಅಂದರೆ 47,250. ಆದರೆ ವರ್ಷಕ್ಕೆ ಊರಲ್ಲಿ ಈಗಾಗಲೇ ಇರುವ ಮನೆಯೊಂದಕ್ಕೆ 100 ಪೌಂಡ್ ಎಂಬ ಮಿತಿ ಇರುವುದರಿಂದ, ಇಡೀ ಹಣ ಒಂದೇ ವರ್ಷ ಬಂದರೆ ಕೈಗೆ ಸಿಗುವುದು 40,000. ಅದೇ ಊರಿನವರು ಮೊದಲೇ ತಮ್ಮದೇ 'ನೇಬರ್‌ಹುಡ್ ಪ್ಲಾನ್' ಬರೆದು ಮತಕ್ಕೆ ಹಾಕಿ ಒಪ್ಪಿಗೆ ಪಡೆದಿದ್ದರೆ ಪಾಲು ಶೇ 25ಕ್ಕೆ ಏರುತ್ತದೆ, ಮಿತಿಯೂ ಇಲ್ಲ: 78,750 ಪೌಂಡ್. ಊರವರು ತಮ್ಮ ಊರು ಹೇಗೆ ಬೆಳೆಯಬೇಕೆಂದು ಕೂತು ಯೋಚಿಸಿದ್ದಕ್ಕೆ ಸಿಕ್ಕ ಹೆಚ್ಚುವರಿ 38,750. ಇಡೀ ನಿಯಮಾವಳಿಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಾಲು ಇದು.

ಉಳಿದದ್ದಕ್ಕೆ ಏನು ಬರುತ್ತದೆ? ಊರಿನ ಪಾಲಾದ 78,750ರ ಜೊತೆಗೆ ಆಡಳಿತ ವೆಚ್ಚಕ್ಕೆ ಗರಿಷ್ಠ ಶೇ 5, ಅಂದರೆ 15,750 ಕಳೆದರೆ 2,20,500. ಹೊಸ ಪ್ರಾಥಮಿಕ ಶಾಲೆಯಲ್ಲಿ ಒಂದು ಮಗುವಿನ ಜಾಗಕ್ಕೆ 20,000 ಪೌಂಡ್ ಎಂದು ಕಡಿಮೆಯಲ್ಲೇ ಹಿಡಿದರೂ 11 ಮಕ್ಕಳಿಗೆ ಹಣ ಮುಗಿಯಿತು. ನೂರು ಮನೆಗೆ 25 ಮಕ್ಕಳು ಎಂದರೂ 50 ಮನೆಗಳಿಂದ 12 ಮಕ್ಕಳು ಬರುತ್ತಾರೆ. ಕ್ಲಿನಿಕ್ಕು, ಆಟದ ಮೈದಾನ, ಬಸ್ಸು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಜೊತೆಗೆ ಅನೇಕ ಕಡೆ ಲೆವಿ ಸಂಗ್ರಹಿಸುವುದು ಜಿಲ್ಲಾ ಕೌನ್ಸಿಲ್, ಶಾಲೆ ಮತ್ತು ರಸ್ತೆಯ ಹೊಣೆ ಅದರ ಮೇಲಿನ ಕೌಂಟಿ ಕೌನ್ಸಿಲ್‌ನದು. ಹಣವಿರುವ ಮೇಜು ಒಂದು, ಕೆಲಸವಿರುವ ಮೇಜು ಇನ್ನೊಂದು.

ಸ್ವಂತಕ್ಕೆ ಮನೆ ಕಟ್ಟಿಕೊಳ್ಳುವವರು ಒಂದು ದಿನಾಂಕ ಮರೆಯಬಾರದು. ಹ್ಯಾರೊದಲ್ಲಿ ವಾಸವಿದ್ದ 100 ಚದರ ಮೀಟರಿನ ಹಳೆಯ ಮನೆ ಕೆಡವಿ 180ರದ್ದು ಕಟ್ಟಿದರೆ ಲೆವಿ ಬೀಳುವುದು ಹೆಚ್ಚುವರಿ 80ಕ್ಕೆ: ಕೌನ್ಸಿಲ್‌ಗೆ 8,800, ಮೇಯರ್‌ಗೆ ಅಲ್ಲಿನ 60ರ ದರದಲ್ಲಿ 4,800, ಒಟ್ಟು 13,600 ಪೌಂಡ್. ತಾವೇ ಮೂರು ವರ್ಷ ಅಲ್ಲಿ ವಾಸಿಸುವವರಿಗೆ ಪೂರ್ತಿ ವಿನಾಯಿತಿ ಇದೆ. ಆದರೆ ಕೆಲಸ ಶುರುವಾಗುವ ಮೊದಲೇ ಅದು ಮಂಜೂರಾಗಿರಬೇಕು. ತಳಪಾಯ ಅಗೆದ ಮೇಲೆ ಅರ್ಜಿ ಹಾಕಿದರೆ ಇಷ್ಟೂ ಕಟ್ಟಬೇಕು. ಬಿಲ್ಡರ್‌ಗೆ ಲೆಕ್ಕಪತ್ರ ನೋಡಲು ಜನ ಇರುತ್ತಾರೆ, ಸಂಸಾರಸ್ಥನಿಗೆ ಇರುವುದಿಲ್ಲ. ಈ ಕಟ್ಟುನಿಟ್ಟು ಅವನ ಮಟ್ಟಿಗೆ ನ್ಯಾಯವಲ್ಲ.

ಅದೇ ಕಟ್ಟುನಿಟ್ಟು ಖರ್ಚಿನ ಕಡೆ ಇಲ್ಲ. ಸರ್ಕಾರವೇ ಮಾಡಿಸಿದ ಅಧ್ಯಯನದಂತೆ 2018-19ರಲ್ಲಿ ಇಂಗ್ಲೆಂಡಿನ ಬಿಲ್ಡರ್‌ಗಳ ಒಟ್ಟು ಕೊಡುಗೆ ಸುಮಾರು 700 ಕೋಟಿ ಪೌಂಡ್. ಅದರಲ್ಲಿ 470 ಕೋಟಿ ಕೈಗೆಟುಕುವ ದರದ ಮನೆಗಳ ರೂಪದಲ್ಲಿ, 83 ಕೋಟಿ ಲೆವಿಯಾಗಿ, ಅಂದರೆ ಶೇ 12ರಷ್ಟು. 2024ರಲ್ಲಿ ಹೋಮ್ ಬಿಲ್ಡರ್ಸ್ ಫೆಡರೇಷನ್, ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೌನ್ಸಿಲ್‌ಗಳ ಬಳಿ ಸೆಕ್ಷನ್ 106 ಮತ್ತು ಲೆವಿ ಸೇರಿ 800 ಕೋಟಿ ಪೌಂಡಿಗೂ ಹೆಚ್ಚು ಹಣ ಖರ್ಚಾಗದೆ ಉಳಿದಿದೆ ಎಂದು ಲೆಕ್ಕ ಕೊಟ್ಟಿತು. ಫೆಡರೇಷನ್ ಹಣ ಕಟ್ಟುವವರ ಸಂಘ, ಅದರ ಲೆಕ್ಕವನ್ನು ಆ ಎಚ್ಚರದಲ್ಲೇ ಓದಬೇಕು. ಇದರಲ್ಲಿ ಒಂದಷ್ಟು ಹಣ ಮುಂದಿನ ಕಾಮಗಾರಿಗಳಿಗೆ ಮೀಸಲಿಟ್ಟದ್ದು ಎಂಬುದೂ ನಿಜ. ಹಾಗಿದ್ದರೂ ಹೊಸ ಮನೆಗೆ ಬಂದ ಮಗು ಶಾಲೆಗೆ ಕಾಯುವುದಿಲ್ಲ, ಬೆಳೆದುಬಿಡುತ್ತದೆ.

2020ರಿಂದ ಲೆವಿ ವಸೂಲು ಮಾಡುವ ಪ್ರತಿ ಕೌನ್ಸಿಲ್ ಡಿಸೆಂಬರ್ 31ರೊಳಗೆ ಅದರ ವಾರ್ಷಿಕ ಲೆಕ್ಕಪತ್ರ ಪ್ರಕಟಿಸಬೇಕು. ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಯಾವುದಕ್ಕೆ, ಉಳಿದದ್ದೆಷ್ಟು ಎಲ್ಲವೂ ಅದರಲ್ಲಿರುತ್ತದೆ. ಕಾಮಗಾರಿ ಮುಗಿಯುವ ತಿಂಗಳು, ವರ್ಷ ಬರೆಯಲೇಬೇಕೆಂಬ ಕಟ್ಟುಪಾಡು ಇಲ್ಲ. ಲೆವಿ ಕಟ್ಟುವವನಿಗೆ ಮಾತ್ರ ದಿನಾಂಕ ಇದೆ: ಕಂತಿನ ವ್ಯವಸ್ಥೆ ಇಲ್ಲದ ಕೌನ್ಸಿಲ್‌ನಲ್ಲಿ ಕೆಲಸ ಶುರುವಾದ 60 ದಿನದೊಳಗೆ ಪೂರ್ತಿ ಹಣ, ತಡವಾದರೆ ಬಡ್ಡಿ. ಲೆಕ್ಕಪತ್ರದಲ್ಲಿ ಉಳಿಕೆಯ ಪಕ್ಕಕ್ಕೆ ಇನ್ನೊಂದು ಕಾಲಂ ಬೇಕು, ಅದರಲ್ಲಿ ಶಾಲೆಯ ಬಾಗಿಲು ತೆರೆಯುವ ದಿನಾಂಕ ಇರಬೇಕು.